ಫೋನಿನ ಚಿಪ್ಪಿನಲ್ಲಿ ಅಳಿಸಲಾಗದ ನಂಬರ್ ಇದೆಯೇ? ಇದ್ದರೆ ಅದನ್ನು ಓದುವವರು ಯಾರು?

"ನಿಮ್ಮ ಫೋನಿನ ಚಿಪ್ಪಿನೊಳಗೆ ಕಂಪನಿಯವರು ಒಂದು ಗುಪ್ತ ನಂಬರ್ ಬರೆದಿರುತ್ತಾರೆ. ಫ್ಯಾಕ್ಟರಿ ರೀಸೆಟ್ ಮಾಡಿದರೂ ಅದು ಅಳಿಸುವುದಿಲ್ಲ. ಆ ನಂಬರ್ ಹಿಡಿದು ನಿಮ್ಮ ಮೇಲೆ ಕಣ್ಣಿಡುತ್ತಾರೆ. ನಿಮ್ಮವರಿಗೆಲ್ಲ ಕಳಿಸಿ."

ಈ ಧಾಟಿಯ ಫಾರ್ವರ್ಡ್ ನಿಮಗೂ ಬಂದಿರಬಹುದು. ಕುತೂಹಲದ ವಿಷಯ ಏನೆಂದರೆ, ಇದು ಪೂರ್ತಿ ಸುಳ್ಳಲ್ಲ. ಚಿಪ್ಪಿನಲ್ಲಿ ನಂಬರ್ ಇರುವುದು ನಿಜ. ರೀಸೆಟ್‌ನಿಂದ ಅದು ಅಳಿಸುವುದಿಲ್ಲ ಎನ್ನುವುದೂ ನಿಜ. ಆದರೆ "ನಂಬರ್ ಇದೆ" ಎನ್ನುವುದಕ್ಕೂ "ನಿಮ್ಮ ಮೇಲೆ ಕಣ್ಣಿಡುತ್ತಾರೆ" ಎನ್ನುವುದಕ್ಕೂ ನಡುವೆ ಒಂದು ಬಾಗಿಲಿದೆ. ಆ ಬಾಗಿಲನ್ನು ಯಾರಿಗೆ ತೆರೆಯಬೇಕು, ಯಾರಿಗೆ ತೆರೆಯಬಾರದು ಎಂದು ಮೊದಲು ತೀರ್ಮಾನಿಸುವುದು 'ಡ್ರೈವರ್' ಎಂಬ ಪುಟ್ಟ ತಂತ್ರಾಂಶ. ಫಾರ್ವರ್ಡ್‌ಗಳು ಇದರ ಹೆಸರನ್ನೇ ಎತ್ತುವುದಿಲ್ಲ. ನಮ್ಮ ಖಾಸಗಿತನದ ಒಂದು ಪಾಲು ಇಲ್ಲಿ ನಿರ್ಧಾರವಾಗುವುದರಿಂದ ಇದನ್ನು ಸ್ವಲ್ಪ ನಿಧಾನವಾಗಿ ನೋಡೋಣ.

ಫ್ಯಾಕ್ಟರಿಯಲ್ಲಿ ಬರೆಯುವುದು ಏನನ್ನು?

ನಿಮ್ಮ ಫೋಟೊ, ವಿಡಿಯೊ, ವಾಟ್ಸಾಪ್ ಸಂದೇಶಗಳೆಲ್ಲ ಇರುವುದು ಫೋನಿನ ಸ್ಟೋರೇಜಿನಲ್ಲಿ. ಅದನ್ನು ಎಷ್ಟು ಸಲ ಬೇಕಾದರೂ ಬರೆಯಬಹುದು, ಅಳಿಸಬಹುದು. ಫ್ಯಾಕ್ಟರಿ ರೀಸೆಟ್ ಅಳಿಸುವುದು ಈ ಸ್ಟೋರೇಜಿನಲ್ಲಿರುವುದನ್ನು ಮಾತ್ರ.

ಪ್ರೊಸೆಸರ್ ಚಿಪ್ಪಿನ ಒಳಗೆ ಬೇರೆಯದೇ ಒಂದು ಚಿಕ್ಕ ಜಾಗ ಇರುತ್ತದೆ. ಅಲ್ಲಿ 'ಇ-ಫ್ಯೂಸ್' ಎಂಬ ಅತಿ ಸಣ್ಣ ತಂತಿಗಳಿರುತ್ತವೆ. ಮನೆಯ ಕರೆಂಟ್ ಫ್ಯೂಸ್ ಸುಟ್ಟರೆ ಹೇಗೆ ತಾನಾಗಿ ಕೂಡಿಕೊಳ್ಳುವುದಿಲ್ಲವೋ ಇಲ್ಲೂ ಹಾಗೆಯೇ. ಲೆಕ್ಕ ಹಾಕಿ ಕರೆಂಟ್ ಹರಿಸಿದರೆ ತಂತಿಯ ಗುಣ ಬದಲಾಗುತ್ತದೆ. ಬದಲಾಗದ ತಂತಿ ಎಂದರೆ 0, ಬದಲಾದದ್ದು 1. ಒಮ್ಮೆ 1 ಆದದ್ದು ಮತ್ತೆ 0 ಆಗುವುದಿಲ್ಲ. ಐಬಿಎಂ ಕಂಪನಿ ಇ-ಫ್ಯೂಸ್ ಎಂಬ ಹೆಸರಿನಲ್ಲಿ ಈ ತಂತ್ರವನ್ನು ಪ್ರಕಟಿಸಿದ್ದು 2004ರಲ್ಲಿ. ಇಂದು ಮೊಬೈಲ್ ಚಿಪ್ ತಯಾರಿಸುವ ಕಂಪನಿಗಳೆಲ್ಲ ಇದನ್ನೋ ಇಂಥದ್ದೇ ಇನ್ನೊಂದು ವಿಧಾನವನ್ನೋ ಬಳಸುತ್ತವೆ. ಕ್ವಾಲ್ಕಾಮ್ ಚಿಪ್ಪುಗಳಲ್ಲಿ ಈ ಜಾಗಕ್ಕೆ 'ಕ್ಯೂಎಫ್‌ಪ್ರಾಮ್' ಎಂದು ಹೆಸರು.

ನಮ್ಮ ಬೇಗೂರಿನಲ್ಲಿ ಸುಮಾರು ಕ್ರಿ.ಶ. 890ರ ಶಾಸನವೊಂದಿದೆ. ಬೆಂಗಳೂರು ಎಂಬ ಹೆಸರು ಕಾಣುವ ಹಳೆಯ ಶಾಸನ ಅದು. ಕಲ್ಲಿನಲ್ಲಿ ಕೆತ್ತಿದ್ದನ್ನು ಅಳಿಸಿ ಮತ್ತೊಮ್ಮೆ ಬರೆಯಲಾಗುವುದಿಲ್ಲ. ಇ-ಫ್ಯೂಸ್ ಕೂಡ ಚಿಪ್ಪಿನ ಒಳಗಿನ ಶಾಸನ ಇದ್ದ ಹಾಗೆ.

ಅಲ್ಲಿ ಸಾಮಾನ್ಯವಾಗಿ ಇರುವುದು ಇವು:

- ಆ ಚಿಪ್ಪಿಗೆ ಮಾತ್ರ ಸೇರಿದ ಗುರುತಿನ ಸಂಖ್ಯೆ.
- ಚಿಪ್ಪಿನ ಒಳಗಿರುವ ತಾಪಮಾನ ಸೆನ್ಸರುಗಳ ತಿದ್ದುಪಡಿ ಅಂಕಿಗಳು.
- ಈ ಚಿಪ್ಪು ಎಷ್ಟು ವೇಗದಲ್ಲಿ, ಎಷ್ಟು ವೋಲ್ಟೇಜಿನಲ್ಲಿ ಓಡಬಹುದು ಎಂಬ ವಿವರ.
- ಫೋನ್ ಆನ್ ಆಗುವಾಗ ತಂತ್ರಾಂಶ ಅಸಲಿಯೇ ಎಂದು ಪರೀಕ್ಷಿಸಲು ಬೇಕಾದ ಗುರುತು.
- ಕೆಲವು ಚಿಪ್ಪುಗಳಲ್ಲಿ ವೈಫೈ ಅಥವಾ ನೆಟ್‌ವರ್ಕ್‌ನ ಮ್ಯಾಕ್ ವಿಳಾಸ.

ಸ್ಯಾಮ್‌ಸಂಗ್ ಫೋನಿನಲ್ಲಿ ಬೇರೆ ತಂತ್ರಾಂಶ ಹಾಕಿ ನೋಡಿದವರಿಗೆ 'ನಾಕ್ಸ್' ವಾರಂಟಿ ಬಿಟ್ ಗೊತ್ತಿರುತ್ತದೆ. ಒಮ್ಮೆ ಅದು 1 ಆದರೆ ಯಾವ ಸರ್ವಿಸ್ ಸೆಂಟರಿನವರೂ ಹಿಂದಕ್ಕೆ ತರಲಾರರು. ಅದು ಕೂಡ ಇ-ಫ್ಯೂಸಿನ ಆಟವೇ.

ಇದೆಲ್ಲ ಯಾಕೆ ಬೇಕು?

ಒಂದೇ ಅಚ್ಚಿನಲ್ಲಿ ಹೊಯ್ದ ಇಡ್ಲಿಗಳೂ ತದ್ರೂಪು ಇರುವುದಿಲ್ಲ. ಹಾಗೆಯೇ ಒಂದೇ ಸಿಲಿಕಾನ್ ತಟ್ಟೆಯಿಂದ ಬಂದ ಎರಡು ಚಿಪ್ಪುಗಳಲ್ಲೂ ಅಲ್ಪಸ್ವಲ್ಪ ವ್ಯತ್ಯಾಸ ಇದ್ದೇ ಇರುತ್ತದೆ. ಅದಕ್ಕೇ ಫ್ಯಾಕ್ಟರಿಯಲ್ಲಿ ಪ್ರತಿ ಚಿಪ್ಪನ್ನೂ ಅಳೆದು, ಅದರ ಗುಣವನ್ನು ಅದರಲ್ಲೇ ಬರೆದಿಡುತ್ತಾರೆ.

ತಾಪಮಾನದ ಉದಾಹರಣೆ ತೆಗೆದುಕೊಳ್ಳಿ. ಕ್ವಾಲ್ಕಾಮ್‌ನ ಹಲವು ಚಿಪ್ಪುಗಳಲ್ಲಿ ಸೆನ್ಸರ್ ತಿದ್ದುಪಡಿಗೆ ಎರಡು ಬಿಂದುಗಳಿವೆ: 30 ಡಿಗ್ರಿ ಮತ್ತು 120 ಡಿಗ್ರಿ ಸೆಲ್ಸಿಯಸ್. ಆ ಎರಡು ತಾಪಮಾನಗಳಲ್ಲಿ ಸೆನ್ಸರ್ ಯಾವ ಅಂಕಿ ತೋರಿಸುತ್ತದೆ ಎಂಬುದು ಫ್ಯೂಸಿನಲ್ಲಿರುತ್ತದೆ. ಫೋನ್ ಆನ್ ಆದ ಮೇಲೆ ಈ ಎರಡು ಬಿಂದುಗಳ ನಡುವೆ ಗೆರೆ ಎಳೆದು, ಈಗ ಚಿಪ್ಪು ಎಷ್ಟು ಬಿಸಿಯಾಗಿದೆ ಎಂದು ಲೆಕ್ಕ ಹಾಕಲಾಗುತ್ತದೆ. ಬಿಸಿ ಹೆಚ್ಚಾದರೆ ಪ್ರೊಸೆಸರ್ ತಾನೇ ನಿಧಾನವಾಗುತ್ತದೆ.

ಈ ಅಂಕಿಯನ್ನು ಒಂದು ಬಿಟ್ ಅತ್ತಿತ್ತ ಓದಿದರೂ ಲೆಕ್ಕ ಕೆಡುತ್ತದೆ. ಬಿಸಿಯಾಗದ ಫೋನನ್ನು ಬಿಸಿಯಾಗಿದೆ ಎಂದುಕೊಂಡು ನಿಧಾನ ಮಾಡಬಹುದು. ಅದಕ್ಕಿಂತ ಕೆಟ್ಟದ್ದೆಂದರೆ, ನಿಜಕ್ಕೂ ಕಾದ ಫೋನನ್ನು ತಣ್ಣಗಿದೆ ಎಂದುಕೊಳ್ಳಬಹುದು. ಶಾಸನದಲ್ಲಿ ಒಂದು ಅಕ್ಷರ ತಪ್ಪಾಗಿ ಓದಿದರೆ ಊರಿನ ಹೆಸರೇ ಬದಲಾಗಿಬಿಡಬಹುದಲ್ಲ, ಹಾಗೆ.

ಅಂದರೆ ಚಿಪ್ಪಿನಲ್ಲಿ ಬರೆದದ್ದರ ಮುಖ್ಯ ಉದ್ದೇಶ ಗೂಢಚರ್ಯೆ ಅಲ್ಲ. ಅದರಲ್ಲಿ ಬಹುಪಾಲು ಫೋನ್ ಸರಿಯಾಗಿ ನಡೆಯಲು ಬೇಕಾದದ್ದು.

ಓದಿ ಕೊಡುವ ಗುಮಾಸ್ತ: ಕರ್ನೆಲ್ ಡ್ರೈವರ್

ಆಂಡ್ರಾಯ್ಡ್ ಫೋನುಗಳ ತಳದಲ್ಲಿ ಇರುವುದು ಲಿನಕ್ಸ್ ಕರ್ನೆಲ್. 1991ರಲ್ಲಿ ಲಿನಸ್ ಟೊರ್ವಾಲ್ಡ್ಸ್ ಆರಂಭಿಸಿದ ಈ ತಂತ್ರಾಂಶ ಇಂದು ಫೋನಿನಿಂದ ಸೂಪರ್ ಕಂಪ್ಯೂಟರಿನವರೆಗೆ ಎಲ್ಲ ಕಡೆ ಇದೆ. ಹಾರ್ಡ್‌ವೇರಿನ ಜೊತೆ ನೇರವಾಗಿ ಮಾತಾಡುವ ಅಧಿಕಾರ ಕರ್ನೆಲ್‌ಗೆ ಇದೆ, ಆಪ್‌ಗಳಿಗೆ ಇಲ್ಲ. ಕರ್ನೆಲ್ಲಿನ ಒಳಗೆ ಒಂದೊಂದು ಹಾರ್ಡ್‌ವೇರಿಗೂ ಒಂದೊಂದು ಡ್ರೈವರ್ ಇರುತ್ತದೆ.

ಇದನ್ನು ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋಲಿಸಬಹುದು. ಜಯನಗರದಲ್ಲಿ ನಿಮ್ಮದೊಂದು ಸೈಟಿದ್ದರೆ ಅದರ ದಾಖಲೆ ಕಚೇರಿಯಲ್ಲಿರುತ್ತದೆ. ಹಾಗೆಂದು ಯಾರು ಬೇಕಾದರೂ ರೆಕಾರ್ಡ್ ರೂಮಿಗೆ ನುಗ್ಗಿ ಪುಸ್ತಕ ತಿರುವಿಹಾಕುವಂತಿಲ್ಲ. ಅರ್ಜಿ ಕೊಡಬೇಕು, ಒಳಗಿನವರು ನೋಡಿ ಬೇಕಾದಷ್ಟನ್ನು ಕೊಡುತ್ತಾರೆ. ಡ್ರೈವರ್ ಮಾಡುವುದೂ ಇದೇ ಕೆಲಸ. ತಾಪಮಾನ ಲೆಕ್ಕ ಹಾಕುವವರಿಗೆ ತಾಪಮಾನದ ಅಂಕಿ, ವೇಗ ನಿರ್ಧರಿಸುವವರಿಗೆ ವೇಗದ ಅಂಕಿ. ಬೇರೆಯವರಿಗೆ ಬಾಗಿಲು ಮುಚ್ಚಿರಬೇಕು.

ಮೊದಲು ಲಿನಕ್ಸ್‌ನಲ್ಲಿ ಇಂಥ ಡ್ರೈವರುಗಳು ಒಂದೊಂದು ಒಂದೊಂದು ರೀತಿ ಇದ್ದವು. ಒಂದೇ ಕೆಲಸದ ಕೋಡನ್ನು ಪ್ರತಿಯೊಬ್ಬರೂ ಮತ್ತೆ ಮತ್ತೆ ಬರೆಯುತ್ತಿದ್ದರು. 2015ರಲ್ಲಿ ಶ್ರೀನಿವಾಸ್ ಕಂದಗಟ್ಲ ಮತ್ತು ಮ್ಯಾಕ್ಸಿಮ್ ರಿಪಾರ್ಡ್ ಎಂಬ ಎಂಜಿನಿಯರುಗಳು ಇವಕ್ಕೆಲ್ಲ ಒಂದೇ ಚೌಕಟ್ಟು ಕೊಟ್ಟರು. ಲಿನಕ್ಸ್ 4.3ರಲ್ಲಿ ಸೇರಿದ ಅದಕ್ಕೆ 'ಎನ್‌ವಿಮೆಮ್' ಎಂದು ಹೆಸರು. ಹೊಸ ಚಿಪ್ಪಿಗೆ ಡ್ರೈವರ್ ಬರೆಯುವವರು ಈಗ ಈ ಚೌಕಟ್ಟಿನೊಳಗೆ ಬರೆಯಬೇಕು. ಎಲ್ಲರ ಕೋಡೂ ಒಂದೇ ಅಚ್ಚಿನಲ್ಲಿದ್ದರೆ ತಪ್ಪು ಹಿಡಿಯುವುದು ಸುಲಭ.

ಪರಿಶೀಲನೆಯಲ್ಲಿ ಕೇಳುವ ಪ್ರಶ್ನೆಗಳು

ಲಿನಕ್ಸ್ ಕರ್ನೆಲ್‌ಗೆ ಯಾರೂ ಕೋಡನ್ನು ನೇರವಾಗಿ ಸೇರಿಸುವಂತಿಲ್ಲ. ಬರೆದವರು ಅದನ್ನು ಎಲ್ಲರಿಗೂ ಕಾಣುವಂತೆ ಇ-ಮೇಲ್‌ನಲ್ಲಿ ಕಳಿಸಬೇಕು. ಆ ವಿಭಾಗದ ಉಸ್ತುವಾರಿ ಹೊತ್ತವರು ಮತ್ತು ಆಸಕ್ತರು ಸಾಲು ಸಾಲಾಗಿ ಓದಿ ಪ್ರಶ್ನೆ ಕೇಳುತ್ತಾರೆ. ತಿದ್ದಿ ಮತ್ತೆ ಕಳಿಸಬೇಕು. ಮೂರು, ನಾಲ್ಕು, ಕೆಲವೊಮ್ಮೆ ಹತ್ತು ಸುತ್ತು ಕೂಡ ಆಗುತ್ತದೆ. ಫ್ಯಾಕ್ಟರಿ ಮಾಹಿತಿ ಓದುವ ಡ್ರೈವರ್ ಬಂದಾಗ ಏಳುವ ಪ್ರಶ್ನೆಗಳು ಸಾಮಾನ್ಯವಾಗಿ ಹೀಗಿರುತ್ತವೆ.

ಮೊದಲನೆಯದು: ಸರಿಯಾದ ಜಾಗದಿಂದ ಓದುತ್ತಿದೆಯೇ? ಮಾಹಿತಿ ಎಷ್ಟನೇ ಬೈಟ್‌ನಲ್ಲಿ, ಎಷ್ಟು ಬಿಟ್ ಅಗಲ ಇದೆ ಎನ್ನುವುದು ಕರಾರುವಾಕ್ಕಾಗಿರಬೇಕು. ಇದನ್ನು ಚಿಪ್ಪಿನ ವಿವರಣೆಯ ಜೊತೆ ಹೋಲಿಸಿ ನೋಡುತ್ತಾರೆ.

ಎರಡನೆಯದು: ಓದಬಾರದ ಜಾಗವನ್ನು ಮುಟ್ಟುತ್ತಿದೆಯೇ? ಇದು ಬರೀ ಕಲ್ಪನೆಯ ಭಯವಲ್ಲ. ಕ್ವಾಲ್ಕಾಮ್ ಚಿಪ್ಪೊಂದರಲ್ಲಿ ಫ್ಯೂಸಿನ ಕೆಲವು ಭಾಗಗಳಿಗೆ ಹಾರ್ಡ್‌ವೇರೇ ಬೀಗ ಹಾಕಿತ್ತು. ಅಲ್ಲಿಗೆ ಕೈ ಹಾಕಿದರೆ ಇಡೀ ಸಿಸ್ಟಮ್ ಕುಸಿಯುತ್ತಿತ್ತು. 2020ರಲ್ಲಿ ಕ್ರೋಮ್‌ಬುಕ್‌ಗಾಗಿ ಕೆಲಸ ಮಾಡುತ್ತಿದ್ದ ಎಂಜಿನಿಯರುಗಳು ಎನ್‌ವಿಮೆಮ್‌ಗೆ 'ಕೀಪ್‌ಔಟ್' ಎಂಬ ಸೌಲಭ್ಯ ಸೇರಿಸಿದರು. ಈ ಭಾಗದ ಹತ್ತಿರ ಹೋಗಬೇಡಿ ಎಂದು ಡ್ರೈವರಿಗೆ ಮೊದಲೇ ಹೇಳಿಡುವ ವ್ಯವಸ್ಥೆ ಅದು.

ಮೂರನೆಯದು, ನಮ್ಮ ಮಟ್ಟಿಗೆ ಅತಿ ಮುಖ್ಯವಾದದ್ದು: ಇದನ್ನು ಯಾರು ಓದಬಹುದು? ಎನ್‌ವಿಮೆಮ್‌ನಲ್ಲಿ 'ರೂಟ್ ಓನ್ಲಿ' ಎಂಬ ಆಯ್ಕೆ ಇದೆ. ರೂಟ್ ಎಂದರೆ ಸಿಸ್ಟಮ್ಮಿನ ಪೂರ್ಣ ಅಧಿಕಾರ ಇರುವ ಬಳಕೆದಾರ. ಈ ಆಯ್ಕೆ ಹಾಕಿದರೆ ಮಾಹಿತಿಯ ಕಡತವನ್ನು ರೂಟ್ ಮಾತ್ರ ತೆರೆಯಬಹುದು. ಹಾಕದಿದ್ದರೆ, ಈ ಹಂತದಲ್ಲಿ ಯಾರು ಬೇಕಾದರೂ ಓದಬಹುದು. ವ್ಯತ್ಯಾಸ ಕೋಡಿನ ಒಂದೇ ಒಂದು ಸಾಲು. ಬರೆದವರು ಮರೆತರೆ "ಈ ಅಂಕಿ ಎಲ್ಲರಿಗೂ ಕಾಣಬೇಕೇ?" ಎಂದು ಕೇಳಲು ಇನ್ನೊಬ್ಬರು ಇರಬೇಕು. ಪರಿಶೀಲನೆ ಎಂದರೆ ಇಷ್ಟೇ, ಮತ್ತು ಇದು ಸಣ್ಣದಲ್ಲ.

ನಾಲ್ಕನೆಯದು: ಇದನ್ನು ಹೊರಗೆ ತೋರಿಸುವ ಅಗತ್ಯವಾದರೂ ಏನು? ಕರ್ನೆಲ್ ಒಮ್ಮೆ ಹೊರಗಿನ ತಂತ್ರಾಂಶಗಳಿಗೆ ಒಂದು ಕಡತ ತೋರಿಸಿದರೆ ಅದನ್ನು ಮುಂದೆ ಸುಲಭವಾಗಿ ಹಿಂದಕ್ಕೆ ಪಡೆಯುವಂತಿಲ್ಲ. ಈಗಾಗಲೇ ನಡೆಯುತ್ತಿರುವ ತಂತ್ರಾಂಶವನ್ನು ಕೆಡಿಸಬಾರದು ಎನ್ನುವುದು ಲಿನಕ್ಸ್‌ನ ಕಟ್ಟುನಿಟ್ಟಿನ ನಿಯಮ. ಹಾಗಾಗಿ ಕೊಡುವ ಮುಂಚೆಯೇ ಯೋಚಿಸಬೇಕು.

ಕೊನೆಗೆ ಒಪ್ಪಿಗೆಯಾದಾಗ ಬರೆದವರ, ಪರಿಶೀಲಿಸಿದವರ, ಪರೀಕ್ಷಿಸಿ ನೋಡಿದವರ ಹೆಸರುಗಳು ಆ ಕೋಡಿನ ಜೊತೆಗೇ ಶಾಶ್ವತವಾಗಿ ದಾಖಲಾಗುತ್ತವೆ. 'ಸೈನ್ಡ್ ಆಫ್ ಬೈ' ಎಂಬ ಸಹಿಯ ಪದ್ಧತಿ 2004ರಿಂದ ಇದೆ. ಹತ್ತು ವರ್ಷದ ನಂತರ ತಪ್ಪು ಸಿಕ್ಕರೂ ಯಾರು ಬರೆದರು, ಯಾರು ಒಪ್ಪಿದರು ಎಂದು ನೋಡಬಹುದು.

ಬಾಗಿಲು ತೆರೆದಿಟ್ಟರೆ ಏನಾಗುತ್ತದೆ?

ಎರಡು ನಿಜ ಘಟನೆಗಳು ಇದನ್ನು ಚೆನ್ನಾಗಿ ತೋರಿಸುತ್ತವೆ.

1999ರಲ್ಲಿ ಇಂಟೆಲ್ ಕಂಪನಿ ಪೆಂಟಿಯಮ್ 3 ಪ್ರೊಸೆಸರಿನಲ್ಲಿ ಪ್ರತಿ ಚಿಪ್ಪಿಗೂ ಬೇರೆ ಬೇರೆ ಸೀರಿಯಲ್ ನಂಬರ್ ಇಟ್ಟಿತು. ತಂತ್ರಾಂಶಗಳು ಅದನ್ನು ಓದುವಂತೆಯೂ ಮಾಡಿತು. ಇಂಟರ್ನೆಟ್ಟಿನಲ್ಲಿ ಜನರನ್ನು ಹಿಂಬಾಲಿಸಲು ಇದು ದಾರಿಯಾಗುತ್ತದೆ ಎಂದು ಅಮೆರಿಕದ ಖಾಸಗಿತನದ ಸಂಘಟನೆಗಳು ಬಹಿಷ್ಕಾರಕ್ಕೆ ಕರೆ ಕೊಟ್ಟವು. ವಿರೋಧ ಜೋರಾದ ಮೇಲೆ ಕಂಪನಿ ಮುಂದಿನ ಪ್ರೊಸೆಸರುಗಳಲ್ಲಿ ಆ ಸೌಲಭ್ಯ ಕೈಬಿಟ್ಟಿತು. ಅಂದರೆ ಫಾರ್ವರ್ಡ್‌ನ ಹಿಂದಿರುವ ಭಯಕ್ಕೆ ಬುಡವೇ ಇಲ್ಲ ಎನ್ನುವಂತಿಲ್ಲ. ಜನ ಪ್ರಶ್ನೆ ಕೇಳಿದ್ದರಿಂದಲೇ ನಿಯಮ ಬದಲಾಯಿತು.

ಎರಡನೆಯದು 2012ರ ಡಿಸೆಂಬರ್. ಸ್ಯಾಮ್‌ಸಂಗ್‌ನ ಎಕ್ಸಿನಾಸ್ ಚಿಪ್ ಇದ್ದ ಗ್ಯಾಲಕ್ಸಿ ಎಸ್3, ನೋಟ್ 2 ಮೊದಲಾದ ಫೋನುಗಳಲ್ಲಿ ಒಂದು ಕರ್ನೆಲ್ ಡ್ರೈವರ್, ಫೋನಿನ ಮೆಮೊರಿಯನ್ನು ಯಾವುದೇ ಆಪ್ ಓದಿ ಬರೆಯುವಂತೆ ತೆರೆದಿಟ್ಟಿರುವುದು ಪತ್ತೆಯಾಯಿತು. ಡ್ರೈವರಿನ ಅನುಮತಿ ತಪ್ಪಾಗಿತ್ತು, ಅಷ್ಟೇ. ಆದರೆ ಅದರಿಂದ ಮಾಮೂಲಿ ಆಪ್ ಒಂದು ಫೋನಿನ ಪೂರ್ಣ ಒಡೆತನ ಪಡೆಯಬಹುದಿತ್ತು. ಆಮೇಲೆ ಅಪ್‌ಡೇಟ್ ಬಂತು. ಆ ಡ್ರೈವರ್ ಇದ್ದದ್ದು ಫೋನ್ ಕಂಪನಿಯ ಸ್ವಂತ ಕರ್ನೆಲ್ ಪ್ರತಿಯಲ್ಲಿ.

ಹಾಗಾದರೆ ನಮ್ಮ ಫೋನಿನಲ್ಲಿ ಇರುವುದೆಲ್ಲ ಪರಿಶೀಲನೆ ಆದದ್ದೇ?

ಅಲ್ಲ. ಇದನ್ನು ಮುಚ್ಚಿಡುವುದು ಸರಿಯಲ್ಲ. ಅಂಗಡಿಯಲ್ಲಿ ಸಿಗುವ ಫೋನುಗಳಲ್ಲಿ ಲಿನಕ್ಸ್‌ನ ಮೂಲ ಕೋಡಿನ ಜೊತೆಗೆ ಚಿಪ್ ಕಂಪನಿ, ಫೋನ್ ಕಂಪನಿಗಳು ತಮ್ಮದೇ ಡ್ರೈವರುಗಳನ್ನು ಸೇರಿಸಿರುತ್ತವೆ. ಅವುಗಳಲ್ಲಿ ಅನೇಕವು ಮೇಲೆ ಹೇಳಿದ ಬಹಿರಂಗ ಪರಿಶೀಲನೆಗೆ ಬಂದೇ ಇರುವುದಿಲ್ಲ. ಈ ಅಂತರ ಕಡಿಮೆ ಮಾಡಲು ಗೂಗಲ್ ಆಂಡ್ರಾಯ್ಡ್ 12ರಿಂದ ಹೊಸ ಫೋನುಗಳಿಗೆ ಎಲ್ಲರಿಗೂ ಸಾಮಾನ್ಯವಾದ ಕರ್ನೆಲ್ ತಂದಿದೆ. ಕಂಪನಿಯ ಡ್ರೈವರುಗಳು ಅದಕ್ಕೆ ಹೊರಗಿನಿಂದ ಜೋಡಿಸುವ ತುಂಡುಗಳಾಗಿವೆ.

ಬಹಿರಂಗ ಪರಿಶೀಲನೆಯೂ ದೇವರ ಕಣ್ಣಲ್ಲ. ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದ ಸಂಶೋಧಕರು ತಪ್ಪಿರುವ ಕೋಡನ್ನು ಬೇಕೆಂದೇ ಕಳಿಸಿ, ಪರಿಶೀಲಕರು ಹಿಡಿಯುತ್ತಾರೆಯೇ ಎಂದು ಪರೀಕ್ಷಿಸಿದ ವಿಷಯ ದೊಡ್ಡ ಗಲಾಟೆಯಾಯಿತು. 2021ರ ಏಪ್ರಿಲ್‌ನಲ್ಲಿ ಕರ್ನೆಲ್‌ನ ಹಿರಿಯ ಉಸ್ತುವಾರಿ ಗ್ರೆಗ್ ಕ್ರೋಹಾರ್ಟ್‌ಮನ್ ಆ ವಿಶ್ವವಿದ್ಯಾಲಯದ ಕೊಡುಗೆಗಳನ್ನೇ ನಿಷೇಧಿಸಿದರು. ಅಲ್ಲಿಂದ ಹಿಂದೆ ಬಂದಿದ್ದ ಕೋಡನ್ನೂ ಮತ್ತೊಮ್ಮೆ ಪರಿಶೀಲಿಸಲಾಯಿತು. ತಪ್ಪು ನುಸುಳಬಹುದು, ಆದರೆ ಹಿಂದಕ್ಕೆ ಹೋಗಿ ನೋಡಲು ದಾಖಲೆ ಇರುತ್ತದೆ. ಕಂಪನಿಯ ಒಳಗೇ ಉಳಿದ ಕೋಡನ್ನು ಹೊರಗಿನವರು ಹಾಗೆ ನೋಡಲಾಗುವುದಿಲ್ಲ.

ಡ್ರೈವರಿನ ಮೇಲೆ ಇನ್ನೂ ಕಾವಲುಗಳಿವೆ. ಯಾವ ಆಪ್ ಯಾವ ಕಡತ ಮುಟ್ಟಬಹುದು ಎಂದು ಆಂಡ್ರಾಯ್ಡ್ ಪ್ರತ್ಯೇಕವಾಗಿ ಲೆಕ್ಕ ಇಡುತ್ತದೆ. 2019ರಲ್ಲಿ ಬಂದ ಆಂಡ್ರಾಯ್ಡ್ 10ರಿಂದ ಮಾಮೂಲಿ ಆಪ್‌ಗಳಿಗೆ ಫೋನಿನ ಸೀರಿಯಲ್ ನಂಬರ್, ಐಎಂಇಐ ಸಿಗುವುದಿಲ್ಲ. ನೀವು ಅನುಮತಿ ಒತ್ತಿದರೂ ಸಿಗುವುದಿಲ್ಲ. ಐಫೋನ್‌ನ ಇಂಥದ್ದೇ ಗುರುತನ್ನು ಬಳಸುವ ಆಪ್‌ಗಳನ್ನು ಆಪಲ್ 2013ರ ಮೇ ತಿಂಗಳಿನಿಂದಲೇ ನಿಲ್ಲಿಸಿದೆ.

ಇದಕ್ಕೂ ನಮ್ಮ ಬೆಂಗಳೂರು ದಕ್ಷಿಣಕ್ಕೂ ಏನು ಸಂಬಂಧ?

ಸಂಬಂಧ ಹತ್ತಿರದ್ದೇ. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ 1985ರಲ್ಲಿ ಬೆಂಗಳೂರಿಗೆ ಬಂದ ಮೇಲೆ ಇಲ್ಲಿ ಚಿಪ್ ವಿನ್ಯಾಸ ಮತ್ತು ಅದರ ತಂತ್ರಾಂಶದ ಕೆಲಸ ಬೆಳೆಯುತ್ತಾ ಬಂದಿದೆ. ಬಿಟಿಎಂ ಲೇಔಟಿನ ಪಿಜಿಯಲ್ಲಿರುವ, ಜೆಪಿ ನಗರ, ಬನಶಂಕರಿಯ ಮನೆಗಳಿಂದ ಬೆಳಿಗ್ಗೆ ಕ್ಯಾಬ್ ಹತ್ತುವ ಎಂಜಿನಿಯರುಗಳಲ್ಲಿ ಇಂಥ ಡ್ರೈವರ್ ಬರೆಯುವವರೂ ಇದ್ದಾರೆ.

ಬಹಿರಂಗವಾಗಿ ಕೋಡ್ ಬರೆದು ತಿದ್ದಿಸಿಕೊಳ್ಳುವ ಅಭ್ಯಾಸಕ್ಕೂ ಇಲ್ಲಿ ಇತಿಹಾಸವಿದೆ. 2001ರಲ್ಲಿ 'ಲಿನಕ್ಸ್ ಬೆಂಗಳೂರು' ಎಂದು ಶುರುವಾದ ಸಮ್ಮೇಳನ 2005ರಿಂದ 'ಫಾಸ್ ಡಾಟ್ ಇನ್' ಆಯಿತು. ಅತುಲ್ ಚಿಟ್ನಿಸ್ ಅದರ ಮುಂದಾಳುಗಳಲ್ಲಿ ಒಬ್ಬರು. ಕೊನೆಯ ವರ್ಷಗಳಲ್ಲಿ ಅದು ನಡೆದದ್ದು ಹೊಸೂರು ರಸ್ತೆಯ ನಿಮ್ಹಾನ್ಸ್ ಸಮಾವೇಶ ಭವನದಲ್ಲಿ, ಜಯನಗರದ ಪಕ್ಕದಲ್ಲೇ. 2012ರದ್ದು ಕೊನೆಯದು. ಭಾಷಣ ಕೇಳಿ ಹೋಗುವುದಲ್ಲ, ಕೋಡ್ ಕೊಡಿ ಎನ್ನುವುದು ಅಲ್ಲಿನ ಒತ್ತಾಯವಾಗಿತ್ತು.

ಆ ಬಾಗಿಲು ಈಗಲೂ ತೆರೆದಿದೆ. ಕರ್ನೆಲ್ ಪರಿಶೀಲನೆಯಲ್ಲಿ ಯಾರೂ ಡಿಗ್ರಿ ಕೇಳುವುದಿಲ್ಲ. ನಿಮ್ಮ ಮನೆಯಲ್ಲಿ ಎಲೆಕ್ಟ್ರಾನಿಕ್ಸ್ ಓದುತ್ತಿರುವ ಮಗನೋ ಮಗಳೋ ಇದ್ದರೆ, ಬೇರೆಯವರ ಡ್ರೈವರ್ ತಮ್ಮ ಬೋರ್ಡಿನಲ್ಲಿ ಓಡಿಸಿ ನೋಡಿ, ಸರಿಯಿದೆ ಅಥವಾ ಇಲ್ಲ ಎಂದು ಬರೆದು ಕಳಿಸಬಹುದು. ಅದಕ್ಕೂ ಹೆಸರು ದಾಖಲಾಗುತ್ತದೆ.

ಐಎಂಇಐ ಬೇರೆ, ಚಿಪ್ ನಂಬರ್ ಬೇರೆ

ಫಾರ್ವರ್ಡ್‌ಗಳು ಈ ಎರಡನ್ನು ಕಲಸಿಬಿಡುತ್ತವೆ. ಐಎಂಇಐ 15 ಅಂಕಿಗಳ ಸಂಖ್ಯೆ, ಮೊಬೈಲ್ ನೆಟ್‌ವರ್ಕ್‌ಗೆ ಫೋನಿನ ಗುರುತು. *#06# ಒತ್ತಿದರೆ ಕಾಣುತ್ತದೆ. ಮೊದಲ 8 ಅಂಕಿ ಮಾಡೆಲ್ ಯಾವುದೆಂದು ಹೇಳುತ್ತವೆ, ಕೊನೆಯದು ತಾಳೆ ನೋಡುವ ಅಂಕಿ. ಬಹಳಷ್ಟು ಫೋನುಗಳಲ್ಲಿ ಇದು ಇ-ಫ್ಯೂಸಿನಲ್ಲಿ ಇರುವುದಿಲ್ಲ, ಬೇರೆ ಸ್ಟೋರೇಜಿನಲ್ಲಿ ಇರುತ್ತದೆ. ಅದಕ್ಕೇ ಕಳ್ಳ ಫೋನುಗಳ ಐಎಂಇಐ ತಿದ್ದುವವರು ಇದ್ದಾರೆ. 2023ರ ದೂರಸಂಪರ್ಕ ಕಾಯ್ದೆಯಲ್ಲಿ ಇದಕ್ಕೆ 3 ವರ್ಷದವರೆಗೆ ಜೈಲು, 50 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ ಇವೆ.

ನೀವು ಮಾಡಬಹುದಾದದ್ದು

- ಸೆಕೆಂಡ್ ಹ್ಯಾಂಡ್ ಫೋನ್ ಕೊಳ್ಳುವ ಮುಂಚೆ ಐಎಂಇಐ ನೋಡಿ. ಇಂಗ್ಲಿಷ್ ಅಕ್ಷರಗಳಲ್ಲಿ ಕೆವೈಎಂ ಎಂದು ಬರೆದು, ಜಾಗ ಬಿಟ್ಟು 15 ಅಂಕಿ ಸೇರಿಸಿ 14422ಕ್ಕೆ ಎಸ್ಎಂಎಸ್ ಮಾಡಿ. ಬ್ಲಾಕ್‌ಲಿಸ್ಟ್ ಅಥವಾ ಡೂಪ್ಲಿಕೇಟ್ ಎಂದು ಬಂದರೆ ಕೊಳ್ಳಬೇಡಿ.
- ಫೋನ್ ಕಳೆದರೆ ಪೊಲೀಸ್ ದೂರು ಕೊಟ್ಟು 'ಸಂಚಾರ್ ಸಾಥಿ' ಪೋರ್ಟಲ್‌ನಲ್ಲಿ ಬ್ಲಾಕ್ ಮಾಡಿಸಿ. 2023ರ ಮೇ ತಿಂಗಳಿಂದ ಈ ಸೌಲಭ್ಯ ದೇಶದಾದ್ಯಂತ ಇದೆ.
- ಸೆಕ್ಯೂರಿಟಿ ಅಪ್‌ಡೇಟ್ ಬಂದಾಗ ಮುಂದೂಡಬೇಡಿ. ಡ್ರೈವರಿನ ತಪ್ಪುಗಳ ತಿದ್ದುಪಡಿ ಬರುವುದು ಅದರಲ್ಲೇ.
- ಜಾಹೀರಾತಿನವರು ನಿಮ್ಮನ್ನು ಗುರುತಿಸಲು ಚಿಪ್ ನಂಬರಿಗಿಂತ ಹೆಚ್ಚಾಗಿ ಬಳಸುವುದು ಜಾಹೀರಾತು ಐಡಿ, ನಿಮ್ಮ ಮೊಬೈಲ್ ನಂಬರ್, ಇ-ಮೇಲ್. ಸೆಟ್ಟಿಂಗ್ಸ್‌ನ ಜಾಹೀರಾತು ವಿಭಾಗದಲ್ಲಿ ಜಾಹೀರಾತು ಐಡಿ ಅಳಿಸಬಹುದು.
- ಫೋನ್ 'ರೂಟ್' ಮಾಡಿಕೊಡುತ್ತೇವೆ ಎನ್ನುವವರ ಕೈಗೆ ಫೋನ್ ಕೊಡುವ ಮುಂಚೆ ಯೋಚಿಸಿ. ಮೇಲೆ ಹೇಳಿದ ಬೀಗಗಳಲ್ಲಿ ಅನೇಕವು ರೂಟ್ ಮಾಡಿದ ಮೇಲೆ ಸಡಿಲವಾಗುತ್ತವೆ.

ಅಂದರೆ ಆ ಫಾರ್ವರ್ಡ್ ಅರ್ಧ ಸತ್ಯ. ಚಿಪ್ಪಿನಲ್ಲಿ ನಂಬರ್ ಇದೆ, ಅಳಿಸುವುದಿಲ್ಲ. ಆದರೆ ಕೇಳಬೇಕಾದದ್ದು "ನಂಬರ್ ಯಾಕಿದೆ?" ಎಂದಲ್ಲ, "ಅದನ್ನು ಓದುವ ಕೋಡನ್ನು ಯಾರು ನೋಡಿ ಒಪ್ಪಿದ್ದಾರೆ?" ಎಂದು. ಒಂದು ಡ್ರೈವರ್ ಲಿನಕ್ಸ್‌ಗೆ ಸೇರುವ ಮುಂಚೆ ಬರೆದವರು ಹೆಸರು ಹಾಕುತ್ತಾರೆ, ಇನ್ನೊಬ್ಬರು ಓದುತ್ತಾರೆ, ಪ್ರಶ್ನೆಗೆ ಉತ್ತರ ಕೊಡದೆ ಅದು ಮುಂದೆ ಹೋಗುವುದಿಲ್ಲ. ನಮ್ಮ ಗ್ರೂಪಿಗೆ ಬರುವ ಸಂದೇಶಕ್ಕೆ ಬರೆದವರ ಹೆಸರಿಲ್ಲ, ಓದಿ ನೋಡಿದವರಿಲ್ಲ, ಪ್ರಶ್ನೆ ಕೇಳುವವರೂ ಕಡಿಮೆ. ಮುಂದೆ ಕಳಿಸುವ ಮುಂಚೆ ಆ ಒಂದು ಪ್ರಶ್ನೆಯನ್ನು ನಾವೇ ಕೇಳೋಣ.